‘ಯಾವ ಮಗು?’ ಎಂದು ಕೇಳಬೇಡಿ

ಜೂನ್ ಬಂತೆಂದರೆ ಕರಾವಳಿಯ ಯಾವುದಾದರೊಂದು ಶಾಲೆಯಿಂದ ನನಗೆ ಫೋನ್ ಬರುತ್ತದೆ. ಫೋನ್ ಮಾಡುವ ಹೆಡ್ ಮಾಸ್ತರರು ಒಳ್ಳೆಯವರೇ. ಎಚ್‌ಐವಿ ಇರುವ ಮಗು ಎಲ್ಲರ ಜೊತೆ ಕಲಿಯಬೇಕು ಎನ್ನುವುದಕ್ಕೆ ಅವರ ತಕರಾರಿಲ್ಲ. ‘ಆದ್ರೆ ಡಾಕ್ಟ್ರೇ, ಯಾವ ಮಗು ಅಂತ ನನಗೊಬ್ಬನಿಗೆ ಹೇಳಿಬಿಡಿ. ಬೇರೆ ಯಾರ ಹತ್ರಾನೂ ಬಾಯಿ ಬಿಡೂದಿಲ್ಲ. ಉಳಿದ ಮಕ್ಕಳ ಜವಾಬ್ದಾರಿಯೂ ನಂದೇ ಅಲ್ವಾ?’

ನಾನು ಹೇಳುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ರಕ್ತಪರೀಕ್ಷೆಯ ವರದಿ ಕೇಳುವಂತಿಲ್ಲ. ಪೋಷಕರ ಒಪ್ಪಿಗೆಯಿಲ್ಲದೆ ನಾನು ಹೆಸರು ಹೇಳುವಂತಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ಆ ಹೆಸರಿನಿಂದ ನಿಮ್ಮ ಶಾಲೆಯ ಒಂದು ಮಗುವಿಗೂ ಪ್ರಯೋಜನವಿಲ್ಲ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೊಂದೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಒಂದೇ ಬೆಂಚು, ಬಿಸಿಯೂಟದ ತಟ್ಟೆ, ನೀರಿನ ಲೋಟ, ಶೌಚಾಲಯ, ಕೆಮ್ಮು, ಬೆವರು, ಸೊಳ್ಳೆ, ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಶಾಲೆಯಲ್ಲಿ ಯೋಚಿಸಬೇಕಾದದ್ದು ರಕ್ತದ ಬಗ್ಗೆ ಮಾತ್ರ. ಕಬಡ್ಡಿ ಆಡುವಾಗ ಮಂಡಿ ತರಚುತ್ತದೆ, ಚಿರೇಕಲ್ಲಿನ ಗೋಡೆಗೆ ಹಣೆ ಬಡಿಯುತ್ತದೆ. ಆಗ ಅಕ್ಕೋರು ಕೈಗವಸು ಹಾಕಿಕೊಂಡು, ಗಾಯ ತೊಳೆದು, ಬ್ಯಾಂಡೇಜ್ ಕಟ್ಟಿ, ನೆಲಕ್ಕೆ ಬಿದ್ದ ರಕ್ತವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಬೇಕು. ಯಾವ ಮಗುವಿನ ರಕ್ತವಾದರೂ ಇಷ್ಟೇ ಕೆಲಸ, ಇದರಲ್ಲಿ ಹೆಚ್ಚು ಕಡಿಮೆ ಇಲ್ಲ.

ಈಗ ನಿಮಗೊಂದು ಹೆಸರು ಗೊತ್ತಾಯಿತು ಅಂದುಕೊಳ್ಳಿ. ಆ ಮಗು ಬಿದ್ದರೆ ಕೈಗವಸು ಹುಡುಕುತ್ತೀರಿ, ಉಳಿದವರು ಬಿದ್ದರೆ ಬರಿಗೈಯಲ್ಲಿ ಒರೆಸುತ್ತೀರಿ. ಆ ಉಳಿದವರಲ್ಲಿ ಯಾರಿಗೆ ಏನಿದೆಯೆಂದು ಯಾರಿಗೆ ಗೊತ್ತು? ಪರೀಕ್ಷೆಯನ್ನೇ ಮಾಡಿಸದ ಮಕ್ಕಳಿರುತ್ತಾರೆ. ತಂದೆತಾಯಿಗೇ ತಮ್ಮ ಸೋಂಕಿನ ಅರಿವಿರುವುದಿಲ್ಲ. ಹೆಪಟೈಟಿಸ್ ಬಿ ಎಂಬ ಇನ್ನೊಂದು ವೈರಸ್ ಇದೆ. ಅದು ದೇಹದ ಹೊರಗೆ ಏಳು ದಿನವಾದರೂ ಬದುಕಬಲ್ಲದು, ರಕ್ತದಿಂದ ಎಚ್‌ಐವಿಗಿಂತ ಸುಲಭವಾಗಿ ಅಂಟುತ್ತದೆ. ಅದರ ಪಟ್ಟಿ ಕೇಳಿ ಯಾವ ಮಾಸ್ತರರೂ ನನಗೆ ಫೋನ್ ಮಾಡಿದ್ದಿಲ್ಲ. ಇನ್ನು ಎಚ್‌ಐವಿಯ ಮಾತ್ರೆ ತಪ್ಪಿಸದೆ ನುಂಗುವ ಮಗುವಿನ ರಕ್ತದಲ್ಲಿ ಆ ವೈರಸ್ ಸಾಮಾನ್ಯವಾಗಿ ಲೆಕ್ಕಕ್ಕೇ ಸಿಗದಷ್ಟು ಇಳಿದಿರುತ್ತದೆ. ನೀವು ಹೆದರುವುದು ಆ ಮಗುವಿಗೆ, ಮೈಮರೆಯುವುದು ಉಳಿದೆಲ್ಲರ ಎದುರು. ಹೆಸರು ಗೊತ್ತಾದ ಶಾಲೆಯಲ್ಲಿ ಎಚ್ಚರ ಕಡಿಮೆಯಾಗುತ್ತದೆ.

ಕಚ್ಚಾಟದಲ್ಲಿ ರಕ್ತ ಬಂದರೆ, ಬಿದ್ದಿದ್ದ ಸೂಜಿ ಚುಚ್ಚಿಕೊಂಡರೆ, ಯಾವ ಮಗುವಾದರೂ ಸರಿ, ಸಾಬೂನು ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ತೋರಿಸಿ. ಸೋಂಕು ತಡೆಯುವ ಔಷಧಿ ಬೇಕೋ ಬೇಡವೋ ವೈದ್ಯರು ನೋಡಿ ತೀರ್ಮಾನಿಸುತ್ತಾರೆ. ಬೇಕೆಂದಾದರೆ ಎಪ್ಪತ್ತೆರಡು ಗಂಟೆಯೊಳಗೆ ಶುರುವಾಗಬೇಕು.

ನನಗೆ ಚಿಂತೆ ಇರುವುದು ಇನ್ನೊಂದು ಕಡೆ. ಎಚ್‌ಐವಿ ಇರುವ ಮಗುವಿನಿಂದ ತರಗತಿಗೆ ಆಗುವ ಅಪಾಯಕ್ಕಿಂತ ತರಗತಿಯಿಂದ ಆ ಮಗುವಿಗೆ ಆಗುವ ಅಪಾಯ ಹೆಚ್ಚು. ದಡಾರ, ಸೀತಾಳೆ ಸಿಡುಬು, ಕ್ಷಯ ಇಂಥ ಮಗುವಿಗೆ ಜೋರಾಗಿಯೇ ಕಾಡಬಹುದು. ಅದಕ್ಕೂ ಹೆಸರು ಬೇಕಿಲ್ಲ. ತರಗತಿಯಲ್ಲಿ ಒಬ್ಬರಿಗೆ ಸೀತಾಳೆ ಸಿಡುಬು ಎದ್ದರೆ ಎಲ್ಲ ಮನೆಗೂ ಚೀಟಿ ಕಳಿಸಿ. ಯಾರಿಗೆ ಅದು ಮುಖ್ಯವೋ ಅವರು ಅವತ್ತೇ ನನ್ನ ಬಾಗಿಲಿಗೆ ಬರುತ್ತಾರೆ.

ಹೆಸರು ಹೊರಬಿದ್ದರೆ ಏನಾಗುತ್ತದೆ ಎನ್ನುವುದೂ ಗೊತ್ತಿರುವುದೇ. 1985ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರಯಾನ್ ವೈಟ್ ಎಂಬ ಹುಡುಗನನ್ನು ಶಾಲೆ ಹೊರಗಿಟ್ಟಿತು; ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮ ರೋಗಕ್ಕೆ (ಹಿಮೊಫಿಲಿಯಾ) ಪಡೆದ ರಕ್ತದ ಔಷಧಿಯಿಂದ ಅವನಿಗೆ ಸೋಂಕು ತಗುಲಿತ್ತು. ಆಗ ಚಿಕಿತ್ಸೆ ಇರಲಿಲ್ಲ, ಜನರ ಹೆದರಿಕೆಗೆ ಒಂದು ನೆಪವಾದರೂ ಇತ್ತು. ನಮ್ಮಲ್ಲಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಆದರೂ ಊರಿನವರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಕೇಂದ್ರ ಬಿಟ್ಟು ಘಟ್ಟ ದಾಟಿ ಹುಬ್ಬಳ್ಳಿಗೆ ಹೋಗಿಬರುವವರಿದ್ದಾರೆ. ಒಬ್ಬ ಅಜ್ಜಿ ಮೊಮ್ಮಗಳ ಮಾತ್ರೆ ಬಾಟಲಿಯೊಳಗೆ ಹತ್ತಿ ತುರುಕಿ, ಬಿಗಿಯಾಗಿ ಮುಚ್ಚಿ, ಸೀರೆಯ ತುಂಡಿನಲ್ಲಿ ಸುತ್ತಿ ತರುತ್ತಾರೆ. ಬಸ್ಸಿನಲ್ಲಿ ಚೀಲ ಅಲುಗಾಡಿದಾಗ ಮಾತ್ರೆ ಸದ್ದಾದರೆ ಪಕ್ಕದವರು ‘ಎಂತದು ಅದು?’ ಎಂದು ಕೇಳುತ್ತಾರಂತೆ. ಆ ಹುಡುಗಿ ಏಳನೇ ತರಗತಿಯಲ್ಲಿದ್ದಾಳೆ, ಖೋಖೋ ಚೆನ್ನಾಗಿ ಆಡುತ್ತಾಳೆ. ಅವಳ ಮಾಸ್ತರರಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದ ಆ ಶಾಲೆಯಲ್ಲಿ ಯಾರಿಗೂ ಏನೂ ಆಗಿಲ್ಲ.

ಪೋಷಕರಿಗೊಂದು ಮಾತು. ಮಾತ್ರೆ ತರುವ ದಿನದ ರಜಾ ಅರ್ಜಿಯಲ್ಲಿ ‘ಆಸ್ಪತ್ರೆಗೆ ಹೋಗಲಿಕ್ಕಿದೆ’ ಎಂದಿಷ್ಟೇ ಬರೆಯಿರಿ. ನಂಬಿಕೆಯ ಅಕ್ಕೋರೊಬ್ಬರಿಗೆ ಹೇಳಿಕೊಳ್ಳಬೇಕು ಅನಿಸಿದರೆ ಹೇಳಿ, ಅದು ನಿಮ್ಮ ಇಷ್ಟ. ಆದರೆ ಮಗುವನ್ನೂ ಒಂದು ಮಾತು ಕೇಳಿ.

ಇನ್ನೊಂದು ವಿಷಯ ಬಹಳ ಶಾಲೆಗಳಿಗೆ ತಿಳಿದಿಲ್ಲ. ತಂದೆತಾಯಿ ತೀರಿಕೊಂಡ ಅಥವಾ ಹಾಸಿಗೆ ಹಿಡಿದ ಇಂಥ ಮನೆಗಳಲ್ಲಿ, ಹನ್ನೆರಡು ತುಂಬಿದ, ಮನೆ ತೂಗಿಸುವ ತಿಳಿವಳಿಕೆ ಇರುವ ಅಕ್ಕನೋ ಅಣ್ಣನೋ ತಮ್ಮ ತಂಗಿಯರನ್ನು ಶಾಲೆಗೆ ಸೇರಿಸಲು ಪೋಷಕರಾಗಿ ನಿಲ್ಲಬಹುದು. ಇದೂ ಅದೇ ಕಾಯ್ದೆಯಲ್ಲಿದೆ. ‘ದೊಡ್ಡವರನ್ನು ಕರಕೊಂಡು ಬಾ’ ಎಂದು ಅವರನ್ನು ತಿರುಗಿ ಕಳಿಸಬೇಡಿ, ಅರ್ಜಿ ತೆಗೆದುಕೊಳ್ಳಿ. ಶಾಲೆ ತೆಗೆದುಕೊಳ್ಳದಿದ್ದರೆ, ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಮನೆಯವರು ಕಾರವಾರದ, ಘಟ್ಟದ ಮೇಲಿನವರು ಶಿರಸಿಯ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.