ಸುಡುವುದೋ ಹೂಳುವುದೋ, ಅದು ಆಮೇಲಿನ ಮಾತು

"ಬಾಡಿ ಯಾವಾಗ ಕೊಡ್ತೀರಿ ಡಾಕ್ಟ್ರೇ?" ಶವಾಗಾರದ ಬಾಗಿಲಲ್ಲಿ ನಿಂತ ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: "ಪೂರ್ತಿ ಕೊಡ್ತೀರಿ ತಾನೇ?"

ಸುಡುವವರು, ಹೂಳುವವರು ಅಂತ ಧರ್ಮಗಳನ್ನು ಎರಡು ಗುಂಪು ಮಾಡುವುದು ಎಲ್ಲರಿಗೂ ರೂಢಿ. ಮರಣೋತ್ತರ ಪರೀಕ್ಷೆ ಮಾಡುವ ನಮಗೆ ಆ ವ್ಯತ್ಯಾಸ ದೊಡ್ಡದಾಗಿ ಕಾಣುವುದಿಲ್ಲ. ಮನಸ್ತಾಪ ಆಗುವುದು ಅದಕ್ಕೂ ಮೊದಲಿನ ಗಂಟೆಗಳಲ್ಲಿ. ಎಷ್ಟು ಹೊತ್ತು ಕಾಯಬೇಕು, ಯಾರ ಕೈ ಮುಟ್ಟಬೇಕು ಅನ್ನುವುದರಲ್ಲಿ.

ಮೊದಲ ಕೆಲಸ ಮಾತ್ರ ಬಹುಪಾಲು ಕಡೆ ಒಂದೇ. ಕಣ್ಣು ಮುಚ್ಚುತ್ತಾರೆ, ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಕೈಕಾಲು ನೇರ ಮಾಡುತ್ತಾರೆ. ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟುವುದನ್ನು ಹಿಂದೂಗಳಲ್ಲೂ ಮುಸ್ಲಿಮರಲ್ಲೂ ನೋಡಿದ್ದೇನೆ. ಇದಕ್ಕೆ ನಂಬಿಕೆಯ ಕಾರಣ ಏನೇ ಇರಲಿ, ದೇಹದ ಕಾರಣವೂ ಇದೆ. ಸ್ನಾಯು ಸಡಿಲವಾಗಲು ಎಟಿಪಿ ಎಂಬ ಶಕ್ತಿವಸ್ತು ಬೇಕು. ಸತ್ತ ಮೇಲೆ ಅದು ಮುಗಿಯುತ್ತಾ ಬರುತ್ತದೆ. 2–3 ಗಂಟೆಯಲ್ಲಿ ರೆಪ್ಪೆ, ದವಡೆ ಸೆಟೆಯತೊಡಗುತ್ತವೆ. ಸುಮಾರು 12 ಗಂಟೆಗೆ ಮೈಯೆಲ್ಲ ಗಟ್ಟಿ. ಸೆಖೆಯಲ್ಲಿ ಇನ್ನೂ ಬೇಗ. ಬಾಯಿ ತೆರೆದೇ ಸೆಟೆದರೆ ಆಮೇಲೆ ಮುಚ್ಚಿಸುವುದು ಕಷ್ಟ. ಅಜ್ಜಿಯರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು.

ಅಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಇಸ್ಲಾಂ ಮತ್ತು ಯಹೂದಿ ಧರ್ಮದಲ್ಲಿ ತಡ ಮಾಡುವುದೇ ಸತ್ತವರಿಗೆ ಅಗೌರವ. ಆದಷ್ಟೂ ಅದೇ ದಿನ ಅಥವಾ ಮರುದಿನ ಮಣ್ಣು ಮಾಡುತ್ತಾರೆ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ತೊರಾಜಾ ಜನರದ್ದು ಪೂರ್ತಿ ತದ್ವಿರುದ್ಧ. ದೊಡ್ಡ ಉತ್ತರಕ್ರಿಯೆಗೆ ಹಣ ಕೂಡಿಸುವವರೆಗೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೇಹವನ್ನು ಮನೆಯಲ್ಲೇ ಇಡುತ್ತಾರೆ. ಅಲ್ಲಿಯವರೆಗೆ ಆ ವ್ಯಕ್ತಿ ಸತ್ತಿಲ್ಲ, ಕಾಯಿಲೆ ಬಿದ್ದಿದ್ದಾರೆ ಅಷ್ಟೇ. ಊಟವನ್ನೂ ಇಡುತ್ತಾರೆ. ಈಗ ದೇಹ ಕೆಡದಂತೆ ಫಾರ್ಮಾಲಿನ್ ಚುಚ್ಚುತ್ತಾರೆ. ಅಮೆರಿಕದಲ್ಲೂ ದೇಹ ಕೆಡದಂತೆ ಇಡುವ ಪದ್ಧತಿ ಹಬ್ಬಿದ್ದು ಅಂತರ್ಯುದ್ಧದ ಕಾಲದಲ್ಲಿ, ದೂರದಲ್ಲಿ ಸತ್ತ ಸೈನಿಕರನ್ನು ಊರಿಗೆ ಕಳಿಸಲು. 1865ರಲ್ಲಿ ಅಧ್ಯಕ್ಷ ಲಿಂಕನ್ ಅವರ ದೇಹವನ್ನು ರೈಲಿನಲ್ಲಿ ಊರೂರಿಗೆ ಒಯ್ದ ಮೇಲೆ ಅದು ಜನರ ಮನಸ್ಸಿಗೂ ಒಗ್ಗಿತು.

ಮುಟ್ಟುವ ವಿಷಯ ಇನ್ನೂ ಸೂಕ್ಷ್ಮ. ಮುಸ್ಲಿಮರಲ್ಲಿ ಗಂಡಸಿಗೆ ಗಂಡಸರೇ, ಹೆಂಗಸಿಗೆ ಹೆಂಗಸರೇ ಸ್ನಾನ ಮಾಡಿಸುತ್ತಾರೆ. ಗಂಡ-ಹೆಂಡತಿಯ ವಿಷಯದಲ್ಲಿ ವಿನಾಯಿತಿ ಉಂಟು. ಸಂಪ್ರದಾಯಸ್ಥ ಯಹೂದಿಗಳು ಮಣ್ಣಾಗುವವರೆಗೆ ದೇಹವನ್ನು ಒಂಟಿಯಾಗಿ ಬಿಡುವುದಿಲ್ಲ, ಯಾರಾದರೂ ಒಬ್ಬರು ಕಾವಲು ಕೂರುತ್ತಾರೆ. ಅಪಘಾತದಲ್ಲಿ ಸತ್ತರೆ ರಕ್ತ ನೆನೆದ ಬಟ್ಟೆಯೂ ದೇಹದ ಜೊತೆಗೇ ಹೋಗಬೇಕು. ಅವರ ದೃಷ್ಟಿಯಲ್ಲಿ ಆ ರಕ್ತವೂ ದೇಹವೇ. ಇದು ಗೊತ್ತಿಲ್ಲದ ಸಿಬ್ಬಂದಿ ಬಟ್ಟೆಯನ್ನು ಕಸದ ಚೀಲಕ್ಕೆ ಹಾಕಿಬಿಡುವ ಸಾಧ್ಯತೆ ಜಾಸ್ತಿ. ಕೊಯ್ಯುವುದನ್ನು ಒಪ್ಪದ ಕುಟುಂಬಗಳಿಗೆ ಕೆಲವು ದೇಶಗಳಲ್ಲಿ ಸಿಟಿ ಸ್ಕ್ಯಾನ್ ಮಾಡಿ ಕಾರಣ ಹುಡುಕುತ್ತಾರೆ. ಎಲ್ಲ ಸಾವಿಗೂ ಅದು ಸಾಕಾಗುವುದಿಲ್ಲ. ವಿಷ ಸೇವಿಸಿದ ಅನುಮಾನ ಇದ್ದರೆ ರಕ್ತದ, ಅಂಗಾಂಗದ ಮಾದರಿ ಬೇಕೇ ಬೇಕು.

ವೈದ್ಯರು ಎಚ್ಚರಿಕೆಯ ಹೆಸರಲ್ಲಿ ಅತಿ ಮಾಡುವುದೂ ಉಂಟು. ಭೂಕಂಪ, ಪ್ರವಾಹದಲ್ಲಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹಬ್ಬುತ್ತದೆ ಎಂಬ ಹೆದರಿಕೆ ಬಹುಪಾಲು ಸುಳ್ಳು. ಗಾಯದಿಂದಲೋ ಮುಳುಗಿಯೋ ಸತ್ತವರ ಮೈಯಲ್ಲಿ ಊರಿಗೆ ಹರಡುವಂಥ ರೋಗ ಇರುವುದೇ ಅಪರೂಪ. ಆದರೂ 2004ರ ಸುನಾಮಿಯ ನಂತರ ಎಷ್ಟೋ ಕಡೆ ಗುರುತು ಹಿಡಿಯುವ ಮೊದಲೇ ಸಾಮೂಹಿಕ ಗುಂಡಿಗೆ ಹಾಕಿಬಿಟ್ಟರು. ಎಬೋಲಾ ಎಂಬ ಮಾರಕ ಸೋಂಕು ಹಾಗಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಹೆಣ ತೊಳೆದವರಿಗೇ ಸೋಂಕು ತಗಲುತ್ತಿತ್ತು. ಮೊದಮೊದಲು ಅಧಿಕಾರಿಗಳು ದೇಹಗಳನ್ನು ಸುಮ್ನೆ ಎತ್ತಿಕೊಂಡು ಹೋದರು. ಜನ ಬಚ್ಚಿಟ್ಟು ರಾತ್ರಿ ಹೂಳತೊಡಗಿದರು. ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಮುಖಂಡರ ಜೊತೆ ಕೂತು ನಿಯಮ ಬದಲಿಸಿತು. ಮುಸ್ಲಿಮರಿಗೆ ನೀರಿನ ಸ್ನಾನದ ಬದಲು, ಮುಚ್ಚಿದ ಚೀಲದ ಮೇಲೆಯೇ ತಯಮ್ಮುಮ್, ಅಂದರೆ ನೀರಿಲ್ಲದೆ ಮಾಡುವ ಶುದ್ಧಿ. ನೀರು ಸಿಗದಾಗ ಏನು ಮಾಡಬೇಕು ಅನ್ನುವುದು ಇಸ್ಲಾಂ ಧರ್ಮದೊಳಗೇ ಮೊದಲಿಂದ ಇತ್ತು. ಕೇಳುವವರು ಬೇಕಿತ್ತು, ಅಷ್ಟೇ.

ಪಾರ್ಸಿಗಳಿಗೆ ಅಂಥ ಪರ್ಯಾಯ ಸುಲಭವಾಗಿ ಸಿಗಲಿಲ್ಲ. ಮಣ್ಣು, ನೀರು, ಬೆಂಕಿ ಮೈಲಿಗೆಯಾಗಬಾರದೆಂದು ಅವರು ದೇಹವನ್ನು ದಖ್ಮಾ ಎಂಬ, ಮೇಲೆ ತೆರೆದ ಗೋಪುರದಲ್ಲಿ ರಣಹದ್ದುಗಳಿಗೆ ಬಿಡುತ್ತಾ ಬಂದಿದ್ದರು. 1990ರ ದಶಕದಲ್ಲಿ ಹದ್ದುಗಳೇ ಸಾಯತೊಡಗಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸುತ್ತಿತ್ತು. ಭಾರತ 2006ರಲ್ಲಿ ಆ ಪಶು ಔಷಧಿಯನ್ನು ನಿಷೇಧಿಸಿತು. ಅಷ್ಟರಲ್ಲಿ ಹದ್ದುಗಳ ಸಂಖ್ಯೆ ತೀರಾ ಕುಸಿದಿತ್ತು. ಮುಂಬೈಯಲ್ಲಿ ದೇಹ ಬೇಗ ಒಣಗಲೆಂದು ಬಿಸಿಲು ಕೇಂದ್ರೀಕರಿಸುವ ಫಲಕ ಹಾಕಿ ನೋಡಿದರು. 2015ರಲ್ಲಿ ವರ್ಲಿಯ ಚಿತಾಗಾರದಲ್ಲಿ, ದಹನ ಆರಿಸಿಕೊಂಡವರಿಗಾಗಿ ಪ್ರಾರ್ಥನಾ ಮಂದಿರ ತೆರೆಯಿತು. ಸಮುದಾಯದೊಳಗೆ ಈ ಬಗ್ಗೆ ಒಮ್ಮತ ಇಲ್ಲ.

ಹಾಗಾಗಿ ಹೆಸರು ನೋಡಿ ಶಾಸ್ತ್ರ ಊಹಿಸಬೇಡಿ ಅಂತ ನನ್ನ ಕಿರಿಯರಿಗೆ ಹೇಳುತ್ತಿರುತ್ತೇನೆ. ಹಿಂದೂಗಳಲ್ಲಿ ಎಳೆ ಮಕ್ಕಳನ್ನೂ ಸನ್ಯಾಸಿಗಳನ್ನೂ ಸಾಮಾನ್ಯವಾಗಿ ಹೂಳುತ್ತಾರೆ. ಕ್ಯಾಥೋಲಿಕ್ ಚರ್ಚ್ 1963ರಿಂದ ದಹನಕ್ಕೆ ಅವಕಾಶ ಕೊಟ್ಟಿದೆ, ಆದರೆ ಬೂದಿ ಚೆಲ್ಲಬಾರದು ಅಂತ 2016ರಲ್ಲಿ ಸ್ಪಷ್ಟಪಡಿಸಿದೆ.

ಕುಟುಂಬದವರಿಗೂ ಒಂದು ಕೋರಿಕೆ. ದೇಹ ಒಪ್ಪಿಸುವಾಗಲೇ ಪೇಸ್‌ಮೇಕರ್ (ಹೃದಯ ಬಡಿತ ಸರಿಯಾಗಿಡಲು ಎದೆಯೊಳಗೆ ಇಡುವ ಯಂತ್ರ) ಇದೆಯಾ ಅಂತ ಹೇಳಿಬಿಡಿ. ಸುಡುವುದಾದರೆ ಅದನ್ನು ತೆಗೆಯಲೇಬೇಕು, ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ. ಚಿತಾಗಾರದ ಕುಲುಮೆಗೂ ಅಲ್ಲಿನ ಕೆಲಸಗಾರರಿಗೂ ಅಪಾಯ. ಹೂಳುವುದಾದರೆ ಮುಟ್ಟುವ ಅಗತ್ಯವೇ ಇಲ್ಲ. ನಮಗೆ ಅದು ಚಿಕ್ಕ ಕೊಯ್ತದ ಕೆಲಸ, ಆದರೆ ನಿಮ್ಮನ್ನು ಕೇಳದೆ ಮಾಡುವಂಥದ್ದಲ್ಲ.