ರಾಜನಿಗೂ ಕೊಡದ ಪುಸ್ತಕ

"ಒಂದೇ ರಾತ್ರಿ ಮೇಡಂ, ನಾಳೆ ಬೆಳಿಗ್ಗೆ ತಂದುಕೊಟ್ಟುಬಿಡ್ತೀನಿ."

ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ರೆಫರೆನ್ಸ್ ಪುಸ್ತಕ ಹೊರಗೆ ಕೊಡಲ್ಲ ಅಂದರೆ ಹುಡುಗರು ಸುಮ್ನೆ ಹೋಗುತ್ತಾರೆ. ಮೇಷ್ಟ್ರುಗಳು ಹೋಗಲ್ಲ. ಅಂಥವರಿಗೆ ನಾನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬಾಡ್ಲಿಯನ್ ಲೈಬ್ರರಿಯ ಕತೆ ಹೇಳುತ್ತೇನೆ. 1645ರಲ್ಲಿ ದೊರೆ ಒಂದನೇ ಚಾರ್ಲ್ಸ್ ಅಲ್ಲಿಂದ ಒಂದು ಪುಸ್ತಕ ತರಲು ಹೇಳಿಕಳಿಸಿದ. ಅಂತರ್ಯುದ್ಧದ ಕಾಲ, ಅವನ ಬಿಡಾರವೇ ಆಕ್ಸ್‌ಫರ್ಡಿನಲ್ಲಿತ್ತು. ಗ್ರಂಥಪಾಲಕ ಜಾನ್ ರೌಸ್ ಪುಸ್ತಕದ ಬದಲು ಲೈಬ್ರರಿಯ ನಿಯಮಗಳನ್ನು ಒಯ್ದು ತೋರಿಸಿದ. ದೊರೆ ಒಪ್ಪಿಕೊಂಡ. 1654ರಲ್ಲಿ, ಆ ಯುದ್ಧದಲ್ಲಿ ದೊರೆಯ ಕಡೆಯನ್ನು ಸೋಲಿಸಿ ಅಧಿಕಾರ ಹಿಡಿದಿದ್ದ ಕ್ರಾಮ್‌ವೆಲ್ ಕೇಳಿದಾಗಲೂ ಅದೇ ಉತ್ತರ. ಅಷ್ಟರಲ್ಲಿ ಚಾರ್ಲ್ಸ್‌ನ ತಲೆಯೇ ಹೋಗಿತ್ತು, ನಿಯಮ ಮಾತ್ರ ಹಾಗೇ ಇತ್ತು.

ಇದನ್ನು ಎಲ್ಲರೂ ಗ್ರಂಥಪಾಲಕನ ಧೈರ್ಯದ ಕತೆ ಅಂತ ಹೇಳುತ್ತಾರೆ. ನನಗೆ ಇದು ಕಟ್ಟಡದ ಕತೆ. ಪುಸ್ತಕ ಹೊರಗೆ ಹೋಗಬಾರದು, ಬೆಂಕಿ ಒಳಗೆ ಬರಬಾರದು. ಹೊಸದಾಗಿ ಸೇರುವ ಓದುಗರು ಇವತ್ತಿಗೂ ಈ ಎರಡಕ್ಕೂ ಮಾತು ಕೊಡಬೇಕು. ದೀಪ ಹಚ್ಚುವಂತಿಲ್ಲ, ಮನೆಗೂ ಒಯ್ಯುವಂತಿಲ್ಲ ಅಂದರೆ ಓದುವುದು ಎಲ್ಲಿ? ಕಿಟಕಿಯ ಪಕ್ಕ. ಹಾಗಾಗಿ ಕಿಟಕಿಯೇ ಇಲ್ಲಿ ಮುಖ್ಯ.

ಅಲ್ಲಿಯ ಹಳೆಯ ಕೋಣೆ ಡ್ಯೂಕ್ ಹಂಫ್ರಿಯ ಹೆಸರಿನದು. ಐದನೇ ಹೆನ್ರಿ ದೊರೆಯ ತಮ್ಮ ಅವನು. 280ಕ್ಕೂ ಹೆಚ್ಚು ಹಸ್ತಪ್ರತಿ ಕೊಟ್ಟಿದ್ದ. ಅವನ್ನಿಡಲು ಡಿವಿನಿಟಿ ಸ್ಕೂಲ್ ಎಂಬ ಪಾಠಶಾಲೆಯ ಮೇಲೆ ಮಹಡಿ ಕಟ್ಟಿದರು, 1488ರಲ್ಲಿ ತೆರೆದರು. ಮಹಡಿ ಅಂದರೆ ತೇವ ಕಡಿಮೆ, ಬೆಳಕು ಜಾಸ್ತಿ. ಸಾಲಾಗಿ ಕಿಟಕಿಗಳು. ಎರಡು ಕಿಟಕಿಯ ನಡುವೆ ಗೋಡೆಯಿಂದ ಅಡ್ಡಕ್ಕೆ ಚಾಚಿದ ಕಪಾಟು. ಅದಕ್ಕೇ ಅಂಟಿಕೊಂಡ ಓರೆ ಮೇಜು. ಕೂತವರ ಮಗ್ಗುಲಿಂದ ಬೆಳಕು ಬಂದು ಹಾಳೆಯ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ 3ಕ್ಕೇ ಬಾಗಿಲು ಹಾಕುತ್ತಿದ್ದರು, ಯಾಕೆಂದರೆ ಆಮೇಲೆ ಅಕ್ಷರ ಕಾಣದು. 1845ರವರೆಗೆ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ. ದೀಪ ಬಂದಿದ್ದು 1929ರಲ್ಲಿ! ಆ ಊರಿನ ಜನವರಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಟಿಪ್ಪಣಿ ಬರೆದವರನ್ನು ನೆನೆದರೆ ನಮ್ಮಲ್ಲಿ ಫ್ಯಾನ್‌ಗೆ ಜಗಳ ಆಡುವವರ ಮೇಲೆ ಸಿಟ್ಟು ಬರುತ್ತದೆ.

ಹಂಫ್ರಿಯ ಪುಸ್ತಕಗಳು ಉಳಿಯಲಿಲ್ಲ. 1550ರಲ್ಲಿ ಪ್ರಾಟೆಸ್ಟೆಂಟ್ ಎಂಬ ಹೊಸ ಕ್ರೈಸ್ತ ಪಂಥದ ಹುರುಪಿನಲ್ಲಿ ಲೈಬ್ರರಿಯನ್ನೇ ಬರಿದು ಮಾಡಿದರು. 1556ರಲ್ಲಿ ಮೇಜುಗಳನ್ನೂ ಮಾರಿಬಿಟ್ಟರು. ಖಾಲಿ ಹಾಲ್‌ಗೆ ಮತ್ತೆ ಜೀವ ಕೊಟ್ಟವನು ಥಾಮಸ್ ಬಾಡ್ಲಿ. ರಾಯಭಾರಿಯಾಗಿದ್ದವನು. ದುಡ್ಡು ಎಲ್ಲಿಂದ ಅಂತೀರಿ? ಮೀನಿನಿಂದ. ಅವನ ಹೆಂಡತಿಯ ಮೊದಲ ಗಂಡ ಪಿಲ್ಚರ್ಡ್ ಮೀನಿನ ವ್ಯಾಪಾರದಲ್ಲಿ ಸಿರಿವಂತನಾದವನು. ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ನೆಂಟ ಅದು. 1602ರ ನವೆಂಬರ್ 8ರಂದು ಲೈಬ್ರರಿ ಮತ್ತೆ ತೆರೆಯಿತು.

ದೊಡ್ಡ ಪುಸ್ತಕಗಳಿಗೆಲ್ಲ ಸರಪಳಿ ಇತ್ತು. ಇಲ್ಲೊಂದು ಸೂಕ್ಷ್ಮ ಇದೆ. ಸರಪಳಿಯ ಕೊಂಡಿಯನ್ನು ರಟ್ಟಿನ ಅಂಚಿಗೆ, ಅಂದರೆ ಪುಸ್ತಕ ತೆರೆಯುವ ಕಡೆಗೆ ಹಾಕುತ್ತಿದ್ದರು. ಹಾಗಾಗಿ ಪುಸ್ತಕದ ಬೆನ್ನು ಗೋಡೆಯ ಕಡೆ, ಹಾಳೆಗಳ ಅಂಚು ಓದುಗನ ಕಡೆ. ಬೆನ್ನು ಹೊರಗಿದ್ದರೆ ಪ್ರತಿ ಸಲ ಎಳೆದಾಗಲೂ ಸರಪಳಿ ಸಿಕ್ಕಾಗುತ್ತಿತ್ತು. ಬೆನ್ನಿನ ಮೇಲೆ ನಂಬರ್ ಅಂಟಿಸಿ ಬದುಕುವ ನಮ್ಮಂಥವರಿಗೆ ಇದು ಲೋಕವೇ ತಿರುಗುಮುರುಗಾದ ಹಾಗೆ. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ತಮ್ಮ 'ಪುಸ್ತಕ ಇರುವುದು ಬಳಕೆಗೆ' ಎಂಬ ಮೊದಲ ಸೂತ್ರ ವಿವರಿಸುವಾಗ ಈ ಸರಪಳಿಗಳನ್ನೇ ಎತ್ತಿ ಆಡಿದ್ದರು. ನನಗೆ ಅಷ್ಟು ಸಿಟ್ಟಿಲ್ಲ. ಸರಪಳಿ ಇದ್ದುದರಿಂದಲೇ ಪುಸ್ತಕವನ್ನು ಬೀಗ ಹಾಕದೆ ಕೈಗೆ ಸಿಗುವ ಹಾಗೆ ಇಡಬಹುದಿತ್ತು, ಅಲ್ವಾ? 1612ರಲ್ಲಿ ಮುಗಿದ ಆರ್ಟ್ಸ್ ಎಂಡ್ ಎಂಬ ಭಾಗದಲ್ಲಿ ಸೂರಿನವರೆಗೆ ಗೋಡೆಗೇ ಕಪಾಟು. ದೊಡ್ಡವು ಕೆಳಗೆ ಸರಪಳಿಯಲ್ಲಿ, ಚಿಕ್ಕವು ಮೇಲಿನ ಗ್ಯಾಲರಿಯಲ್ಲಿ ಬೀಗದೊಳಗೆ.

ಪುಸ್ತಕ ತುಂಬಿದಂತೆ ಭಾರ ಏರಿತು. ಕೆಳಗಿನ ಗೋಡೆಗಳು ಹೊರಕ್ಕೆ ವಾಲಿದವು. 1700ರ ಹೊತ್ತಿಗೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಸಲಹೆಯಂತೆ ಆಸರೆ ಕೊಡಿಸಬೇಕಾಯಿತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಸ್ಟೀಲ್ ರ‍್ಯಾಕ್‌ಗಳನ್ನು ಎರಡನೇ ಮಹಡಿಗೆ ಹಾಕಿಸುವಾಗ ಬಣ್ಣ ಯಾವುದು ಅಂತ ಕೇಳಿದರು. ತೂಕ ಎಷ್ಟು ಅಂತ ಯಾರೂ ಕೇಳಲಿಲ್ಲ.

ಫೋಟೋಗಳಲ್ಲಿ ಎಲ್ಲರೂ ನೋಡುವ, ಈಗ ಇದೇ ಲೈಬ್ರರಿಗೆ ಸೇರಿದ ಗುಮ್ಮಟದ ಕಟ್ಟಡ ರ‍್ಯಾಡ್‌ಕ್ಲಿಫ್ ಕ್ಯಾಮೆರಾ (ಲ್ಯಾಟಿನ್ನಿನಲ್ಲಿ ಕ್ಯಾಮೆರಾ ಅಂದರೆ ಕೋಣೆ). 1749ರದು. ವೈದ್ಯ ಜಾನ್ ರ‍್ಯಾಡ್‌ಕ್ಲಿಫ್ ಬಿಟ್ಟುಹೋದ 40,000 ಪೌಂಡಿನಲ್ಲಿ ಎದ್ದದ್ದು. ಚೆಂದವೇ. ಆದರೆ ದುಂಡು ಕೋಣೆಗೆ ನೇರ ಕಪಾಟು ಹೊಂದಿಸುವ ಕಷ್ಟ ನಮಗೇ ಗೊತ್ತು.

ನನಗೆ ಇಷ್ಟವಾದದ್ದು ಜಾನ್ ಸೆಲ್ಡನ್ ಎಂಬ ವಕೀಲನ ಕನ್ನಡಕಗಳು. 1659ರಲ್ಲಿ ಅವನ ಸಾವಿರಾರು ಪುಸ್ತಕ ಬಂದಾಗ ಬಿಚ್ಚಿ ನೋಡಿದರೆ ಹಾಳೆಗಳ ನಡುವೆ ಕನ್ನಡಕಗಳು! ಗುರುತಿಗೆ ಇಟ್ಟು ಮರೆತಿದ್ದ. ನನಗೆ ಸಿಕ್ಕಿದ್ದು ಬಸ್ ಟಿಕೆಟ್, ಹಾಲ್ ಟಿಕೆಟ್, ಒಣಗಿದ ಸಂಪಿಗೆ.

ಇಷ್ಟು ಕಟ್ಟುನಿಟ್ಟಿನ ಲೈಬ್ರರಿಯೂ ಒಮ್ಮೆ ಎಡವಿತು. ಬಾಡ್ಲಿಗೆ ನಾಟಕದ ಪುಸ್ತಕ ಅಂದರೆ ಕಸ. ಆದರೂ 1610ರಲ್ಲಿ ಲಂಡನ್ನಿನ ಮುದ್ರಕರ ಸಂಘದ ಜೊತೆ ಮಾಡಿಕೊಂಡ ಒಪ್ಪಂದದಿಂದ ಹೊಸ ಪುಸ್ತಕಗಳು ಬರುತ್ತಿದ್ದವು. ಹಾಗೆ ಬಂದದ್ದು ಶೇಕ್ಸ್‌ಪಿಯರ್ ನಾಟಕಗಳ 1623ರ ಸಂಪುಟ. 1660ರ ದಶಕದಲ್ಲಿ ಹೊಸ ಆವೃತ್ತಿ ಬಂತು, ಹಳೆಯದನ್ನು ಮಾರಿಬಿಟ್ಟರು. 1905ರಲ್ಲಿ ಒಬ್ಬ ಯುವಕ ಮನೆಯಲ್ಲಿದ್ದ ಹಳೇ ಪುಸ್ತಕ ಅಂತ ಅದನ್ನೇ ಹಿಡಿದುಕೊಂಡು ಬಂದ. ರಟ್ಟಿನ ಅಂಚಿನಲ್ಲಿ ಸರಪಳಿಯ ಕೊಂಡಿ ಇದ್ದ ಜಾಗದ ಗಾಯ ಇನ್ನೂ ಇತ್ತು. ಚಂದಾ ಎತ್ತಿ, 3,000 ಪೌಂಡ್ ಕೊಟ್ಟು ವಾಪಸ್ ಕೊಂಡರು.

ಹೊಸ ಆವೃತ್ತಿ ಬಂದಿದೆ, ಹಳೆಯದು ರದ್ದಿಗೆ ಅನ್ನುವ ಪಟ್ಟಿ ನನ್ನ ಮೇಜಿಗೂ ಪ್ರತಿವರ್ಷ ಬರುತ್ತದೆ. ಈ ಸಲ ಅದರಲ್ಲಿ ಹನ್ನೊಂದು ಹೆಸರು ಹೊಡೆದುಹಾಕಿ ಸಹಿ ಮಾಡಿದೆ. ಜಾಗ ಎಲ್ಲಿದೆ ಮೇಡಂ ಅಂತ ನಮ್ಮ ಅಟೆಂಡರ್ ಗೊಣಗುತ್ತಲೇ ಅವನ್ನು ಮತ್ತೆ ರ‍್ಯಾಕಿಗೆ ತುರುಕಿದರು.