ಸಂದರ್ಶನಕ್ಕೆ ಊರಿನ ಮುಖಂಡರನ್ನು ಜೊತೆಗೆ ಕರೆದೊಯ್ಯಬಹುದೇ?

ಪ್ರಶ್ನೆ: ಸಮಾಜಶಾಸ್ತ್ರ ಎಂ.ಎ. ಪ್ರಬಂಧಕ್ಕಾಗಿ ಪಾವಗಡದ ಸೋಲಾರ್ ಪಾರ್ಕ್ ಸುತ್ತಲಿನ ಹಳ್ಳಿಗಳಲ್ಲಿ ಸಂದರ್ಶನ ಮಾಡಬೇಕಿದೆ. ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ಪಂಚಾಯಿತಿ ಸದಸ್ಯರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಅವರಿದ್ದರೆ ಜನ ಮನಸ್ಸು ಬಿಚ್ಚಿ ಮಾತನಾಡುತ್ತಾರಲ್ಲವೇ?

ಇಲ್ಲ. ಪ್ರಬಂಧದ ಗಡುವು ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಊರಿನ ಹೆಸರಷ್ಟೇ ಬೇರೆ. ಕೆಲವು ಮಾರ್ಗದರ್ಶಕರೇ ಈ ಸಲಹೆ ಕೊಡುತ್ತಾರೆಂಬುದೂ ನನಗೆ ಗೊತ್ತು. ಅವರೊಂದಿಗೂ ನನ್ನ ಜಗಳವಿದೆ.

ಸದಸ್ಯರು ಜೊತೆಗಿದ್ದರೆ ಕೂರಲು ಕುರ್ಚಿ ಸಿಗುತ್ತದೆ, ಕಾಫಿಯೂ ಸಿಗುತ್ತದೆ. ಉತ್ತರದ ಮಾತು ಬೇರೆ. ನಿಮ್ಮ ವಿಷಯವನ್ನೇ ನೋಡಿ. ಆ ಪಾರ್ಕಿನ ಸುಮಾರು 13,000 ಎಕರೆಯಲ್ಲಿ ಬಹುಪಾಲು ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿಯಲ್ಲಿ ಹೆಸರಿದ್ದವರಿಗೆ ಹಣ ಬಂತು. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಈಗ ಜಮೀನು ಕೊಟ್ಟ ಮುಖಂಡರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಸೋಲಾರ್ ಬಂದ ಮೇಲೆ ಕೂಲಿ ಕಡಿಮೆಯಾಯಿತೇ ಅಕ್ಕಾ?’ ಎಂದು ಕೇಳಿ ನೋಡಿ. ಆಕೆ ಮೊದಲು ಅವರ ಮುಖ ನೋಡುತ್ತಾಳೆ, ಆಮೇಲೆ ‘ಎಲ್ಲ ಚೆನ್ನಾಗಿದೆ ಕಣಮ್ಮ’ ಎನ್ನುತ್ತಾಳೆ. ನೀವು ಸಂಜೆ ತುಮಕೂರಿನ ಬಸ್ಸು ಹತ್ತುತ್ತೀರಿ. ಆಕೆ ಉದ್ಯೋಗ ಖಾತ್ರಿ ಕೆಲಸಕ್ಕೂ ಮನೆ ಮಂಜೂರಾತಿಗೂ ನಾಳೆ ಅವರ ಬಳಿಗೇ ಹೋಗಬೇಕು. ಆಕೆಯ ಜಾಣತನದಲ್ಲಿ ತಪ್ಪೇನಿದೆ? ತಪ್ಪು, ಅದನ್ನು ತಂದು ‘ತೃಪ್ತರು’ ಎಂಬ ಕಾಲಂನಲ್ಲಿ ತುಂಬುವ ನಿಮ್ಮದು.

‘ಅವರು ಒಳ್ಳೆಯವರು ಸರ್, ದೂರವೇ ನಿಲ್ಲುತ್ತಾರೆ’ ಎಂದು ನೀವು ಮತ್ತೆ ಬರೆಯುತ್ತೀರಿ. ಇರಬಹುದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದ್ದು ಊರಿನ ಮುಖ್ಯಸ್ಥರ ಆಸರೆಯಲ್ಲಿ. ತಾವು ಆ ಊರನ್ನು ಮೇಲ್ಜಾತಿಯವರ ಕಡೆಯಿಂದ ಕಂಡೆವೆಂದು ಮುಂದೆ ಅವರೇ ಒಪ್ಪಿಕೊಂಡರು. ತಿಂಗಳುಗಟ್ಟಲೆ ಅಲ್ಲೇ ಉಳಿದವರ ಕಥೆಯೇ ಹೀಗಾದರೆ, ರಜೆಯಲ್ಲಿ ಪ್ರಶ್ನಾವಳಿ ತುಂಬಿಸಲು ಹೊರಟ ನಿಮ್ಮದೇನು? ಅಮೆರಿಕದ ಮೆಂಫಿಸ್‌ನಲ್ಲಿ 1942ರಲ್ಲಿ ಕಪ್ಪು ವರ್ಣೀಯರನ್ನು ಕಪ್ಪು ಸಂದರ್ಶಕರೂ ಬಿಳಿಯ ಸಂದರ್ಶಕರೂ ಅವೇ ಪ್ರಶ್ನೆ ಕೇಳಿದಾಗ ಉತ್ತರಗಳು ಬೇರೆ ಬೇರೆಯಾಗಿ ಬಂದವು. ಕೇಳುವವರ ಬಣ್ಣಕ್ಕೇ ಉತ್ತರ ತಿರುಗುವುದಾದರೆ, ಕಂಬಕ್ಕೊರಗಿ ಕಿವಿಗೊಟ್ಟು ನಿಂತವರಿಗೆ ತಿರುಗದೇ?

ಪಂಚಾಯಿತಿಗೆ ಕಾಲೇಜಿನ ಪತ್ರ ಕೊಟ್ಟು ವಿಷಯ ತಿಳಿಸಿ. ಅಲ್ಲಿಗೆ ಅವರ ಪಾತ್ರ ಮುಗಿಯಲಿ. ನೀವು ಸರ್ಕಾರದವರಲ್ಲ, ಕಂಪನಿಯವರೂ ಅಲ್ಲ ಎಂದು ಮೊದಲೇ ಸ್ಪಷ್ಟಪಡಿಸಿ. ಇಲ್ಲವಾದರೆ ಬಿಪಿಎಲ್ ಕಾರ್ಡು ಹೋದೀತೆಂದು ಆದಾಯ ಇಳಿಸುತ್ತಾರೆ, ಪರಿಹಾರ ಬಂದೀತೆಂದು ನಷ್ಟ ಏರಿಸುತ್ತಾರೆ. ಆ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ನಿಮಗೆ ಬಾರದಿದ್ದರೆ ಬಲ್ಲ ಗೆಳತಿಯೊಬ್ಬಳನ್ನು ಕರೆದೊಯ್ಯಿರಿ, ಆದರೆ ಅವಳು ಅದೇ ಊರಿನವಳಾಗಿರಬಾರದು.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ಮೊಬೈಲ್ ರೆಕಾರ್ಡಿಂಗ್ ನಿಲ್ಲಿಸಿ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅಸಲಿ ಮಾತು ಶುರುವಾಗುತ್ತದೆ. ಅದನ್ನು ಬಸ್ಸಿನಲ್ಲಿ ನೆನಪಿನಿಂದ ಬರೆದು ಪ್ರಬಂಧಕ್ಕೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆಕೆ ಒಪ್ಪಿಗೆ ಕೊಟ್ಟದ್ದು ರೆಕಾರ್ಡ್ ಆದ ಮಾತಿಗೆ ಮಾತ್ರ. ಅಲ್ಲೇ ನಿಂತು ‘ಇದನ್ನೂ ಬರೆದುಕೊಳ್ಳಲೇ?’ ಎಂದು ಕೇಳಿ, ಬೇಡವೆಂದರೆ ಬಿಡಿ. ಒಪ್ಪಿದರೂ ಹೆಸರು ತೆಗೆದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ‘ಎರಡು ಎಕರೆ ಗುತ್ತಿಗೆಗೆ ಕೊಟ್ಟು ಬಟ್ಟೆ ಹೊಲಿಯುವ ವಿಧವೆ’ ಎಂದು ಬರೆದರೆ, ಹೆಸರಿಲ್ಲದಿದ್ದರೂ ಇಡೀ ಊರು ಗುರುತು ಹಿಡಿಯುತ್ತದೆ. ಕಸುಬನ್ನೋ ಎಕರೆಯನ್ನೋ ಬದಲಿಸಿ, ‘ಕೆಲವು ವಿವರ ಬದಲಿಸಿದ್ದೇನೆ’ ಎಂದಷ್ಟೇ ವಿಧಾನದ ಅಧ್ಯಾಯದಲ್ಲಿ ತಿಳಿಸಿ. ಪರೀಕ್ಷಕರು ಆಕ್ಷೇಪಿಸಿದರೆ ಅವರನ್ನು ನನ್ನ ಬಳಿಗೆ ಕಳುಹಿಸಿ.